ಶಿಕಾರಿ ಅಂಗಡಿಯ ಪಾದದ ಪುಸ್ತಕ

ಮೂವತ್ತೊಂದನೆಯ ಪುಟದಲ್ಲಿರುವ ಎಡಗಾಲಿನ ಕಿರುಬೆರಳು ಕಾಗದದ ಅಂಚನ್ನು ದಾಟಿ ಹೊರಗೆ ಹೋಗಿದೆ. ಅಪ್ಪ ಪೆನ್ಸಿಲನ್ನು ಎತ್ತದೆ ಆ ಬೆರಳನ್ನು ಕೆಳಗಿದ್ದ ಮಣೆಯ ಮೇಲೆಯೇ ಮುಗಿಸಿದ್ದಾರೆ. ಇವತ್ತಿಗೂ ಪುಸ್ತಕವನ್ನು ಆ ಮಣೆಯ ಮೇಲೆ ಸರಿಯಾದ ಜಾಗದಲ್ಲಿ ಇಟ್ಟರೆ ಬೆರಳು ಬಂದು ಕಾಲಿಗೆ ಕೂಡಿಕೊಳ್ಳುತ್ತದೆ. ಕಾಲಿನ ಯಜಮಾನರು ಮಾತ್ರ ಎಸ್ಟೇಟ್ ಮಾರಿ, ಹಡಗು ಹತ್ತಿ, ತಮ್ಮ ಹತ್ತೂ ಬೆರಳುಗಳೊಂದಿಗೆ ಊರಿಗೆ ಹೊರಟುಹೋಗಿ ಬಹಳ ಕಾಲವಾಯಿತು.

ಮುಖ ನೋಡಿ ಮಾತನಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಮುಖ ಎಂದರೆ ಅದರಲ್ಲೊಂದು ಬಾಯಿ ಇರುತ್ತದೆ. ಬಾಯಿ ಇದ್ದರೆ ಪ್ರಶ್ನೆ ಬರುತ್ತದೆ. ಓದು ಮುಗಿಯಿತಂತಲ್ಲ, ಮುಂದೇನು? ಜಾತಕ ಕೊಟ್ಟಿದ್ದಾರಾ? ಮೈಸೂರಿನಲ್ಲಿ ಹಾಸ್ಟೆಲ್ ಊಟ ಹೇಗಿತ್ತು, ಇಷ್ಟು ಸಣ್ಣಗಾಗಿದ್ದೀಯಲ್ಲ? ಕಾಲುಗಳು ಇದೊಂದನ್ನೂ ಕೇಳುವುದಿಲ್ಲ. ಆದ್ದರಿಂದ ಬಿ.ಎ. ಮುಗಿಸಿ ಗೋಣಿಕೊಪ್ಪಲಿಗೆ ಹಿಂದಿರುಗಿದ ಮೇಲೆ ನಾನು ಅಪ್ಪನ ಅಂಗಡಿಯ ಮೂಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನು ಹಿಡಿದು ಕುಳಿತೆ. ಕುರ್ಚಿಗೆ ಎದುರಾಗಿ ಡೇರೆಯೊಂದನ್ನು ನಿಲ್ಲಿಸಿದ್ದರು. ಅದರ ಹಿಂದೆ ಕುಳಿತವರು ರಸ್ತೆಗೆ ಕಾಣುವುದಿಲ್ಲ. ಇಡೀ ಕೊಡಗಿನಲ್ಲಿ ನನಗೆ ಒಪ್ಪುವ ಜಾಗ ಅದೊಂದೇ ಎಂದು ನಾನು ಎರಡೇ ದಿನಗಳಲ್ಲಿ ತೀರ್ಮಾನಿಸಿದ್ದೆ. ಅಂಗಡಿ ಹೋದರೆ ಆ ಕುರ್ಚಿಯೂ ಹೋಗುತ್ತದೆ, ಕುರ್ಚಿ ಹೋದರೆ ನಾನು ಮುಖಗಳ ನಡುವೆ ಬದುಕಬೇಕಾಗುತ್ತದೆ. ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಕಾರಣ. ಬೇರೆ ಯಾವ ಉದಾತ್ತ ಉದ್ದೇಶವೂ ಇರಲಿಲ್ಲ.

ನಮ್ಮದನ್ನು ಊರಿನವರು ಶಿಕಾರಿ ಅಂಗಡಿ ಎನ್ನುತ್ತಿದ್ದರು. ಅದರಲ್ಲಿ ಕೋವಿಯಾಗಲಿ ತೋಟೆಯಾಗಲಿ ಎಂದೂ ಇರಲಿಲ್ಲ. ಕೋವಿ ಹಿಡಿದು ಕಾಡಿಗೆ ಹೋದ ಕಾಫಿತೋಟದ ಬಿಳಿ ದೊರೆಗಳಿಗೆ ಕೋವಿಯ ಹೊರತಾಗಿ ಏನೇನು ಬೇಕೋ ಅದೆಲ್ಲ ಇತ್ತು. ಡೇರೆ, ಮಡಚುವ ಮಂಚ, ಮಡಚುವ ಕುರ್ಚಿ, ಮೀನಿನ ಗಾಳದ ಕೋಲು, ಬಿಸಿಲಿನ ಟೋಪಿ, ನೀರಿನ ಬಾಟಲಿ, ಕ್ಯಾನ್ವಾಸಿನ ಒಂದು ಸ್ನಾನದ ತೊಟ್ಟಿ. ಬೂಟುಗಳನ್ನು ಮದರಾಸಿನಿಂದ ತರಿಸಬೇಕಾಗಿತ್ತು. ಅದಕ್ಕಾಗಿಯೇ ಪಾದದ ಪುಸ್ತಕ ಹುಟ್ಟಿದ್ದು. ಹೊಸ ದೊರೆ ಬಂದರೆ ಅಪ್ಪ ಮಣೆ ಹಾಕಿ, ಮಣೆಯ ಮೇಲೆ ಪುಸ್ತಕವನ್ನು ಬಿಡಿಸಿ, ದೊರೆಯ ಕಾಲ್ಚೀಲ ತೆಗೆಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಅಂಗಾಲಿನಲ್ಲಿ ನೋಯುವ ಆಣಿ ಇದ್ದಲ್ಲಿ ಒಂದು ಚುಕ್ಕೆ. ಬೆರಳು ಸೊಟ್ಟಗಿದ್ದರೆ ಗೆರೆಯೂ ಸೊಟ್ಟ. ಆಮೇಲೆ ಆ ದೊರೆ ತೋಟದಿಂದ ಒಂದು ಚೀಟಿ ಕಳಿಸಿದರೆ ಸಾಕು, ಗೆರೆಯ ನಕಲು ಮದರಾಸಿಗೆ ಹೋಗಿ ಬೂಟು ಕಾಲಿಗೆ ಸರಿಯಾಗಿ ಬರುತ್ತಿತ್ತು. ಟೇಪು ಹಿಡಿದರೆ ಬೇಗ ಆಗುವುದಿಲ್ಲವೇ ಎಂದು ಒಮ್ಮೆ ನಾನು ಕೇಳಿದ್ದಕ್ಕೆ, ಟೇಪಿಗೆ ಉದ್ದ ಗೊತ್ತು, ನೋವು ಗೊತ್ತಿಲ್ಲ ಎಂದಿದ್ದರು. ಕಾಲಿಗೆ ಹಾಕುವ ಯಾವ ಸಾಮಾನಿಗೂ ಪಾದದ ಗೆರೆ ಇಲ್ಲದೆ ಕತ್ತರಿ ಮುಟ್ಟಿಸಬಾರದು ಎಂಬುದು ಅವರ ನಿಯಮ. ಎಂಟನೆಯ ಪುಟದ ದೊರೆಗೆ ಎಡಗಾಲಿಗಿಂತ ಬಲಗಾಲು ಅರ್ಧ ಅಂಗುಲ ದೊಡ್ಡದಿತ್ತು. ಅದನ್ನು ಯಾರಿಗೂ ಹೇಳಬಾರದೆಂದು ಅವರು ಅಪ್ಪನಲ್ಲಿ ಕೇಳಿಕೊಂಡಿದ್ದರಂತೆ. ಅಪ್ಪ ಅವ್ವನಿಗೂ ಹೇಳಿರಲಿಲ್ಲ. ದೊರೆಸಾನಿಯರ ಪಾದವನ್ನು ಅಪ್ಪ ಬರೆದವರಲ್ಲ. ಅವರು ಬಂಗಲೆಯಲ್ಲಿ ತಾವೇ ಬರೆದುಕೊಂಡು, ಲಕೋಟೆಯಲ್ಲಿ ಹಾಕಿ, ಅಂಟಿಸಿ, ನೇರವಾಗಿ ಮದರಾಸಿಗೇ ಕಳಿಸುತ್ತಿದ್ದರು. ಹಾಗಾಗಿ ಇಡೀ ಪುಸ್ತಕದಲ್ಲಿ ಹೆಣ್ಣಿನ ಪಾದ ಒಂದೂ ಇರಲಿಲ್ಲ.

ಕೊಡಗು ಮೈಸೂರು ರಾಜ್ಯದೊಳಗೆ ಸೇರಿ ಎರಡು ಮಳೆಗಾಲ ಕಳೆಯುವ ಹೊತ್ತಿಗೆ ದೊರೆಗಳು ಹೆಚ್ಚುಕಡಿಮೆ ಖಾಲಿಯಾಗಿದ್ದರು. ಹೋಗುವವರು ಸುಮ್ಮನೆ ಹೋಗಲಿಲ್ಲ. ಹಡಗಿನಲ್ಲಿ ಡೇರೆ ಒಯ್ಯುವುದು ಕಷ್ಟವೆಂದು ಪ್ರತಿಯೊಬ್ಬರೂ ಅಪ್ಪನಿಂದ ಕೊಂಡದ್ದನ್ನು ಪ್ರೀತಿಯಿಂದ ಅಪ್ಪನಿಗೇ ಬಿಟ್ಟುಹೋದರು. ಗಿರಾಕಿ ಕಡಿಮೆಯಾದಂತೆ ಸಾಮಾನು ಜಾಸ್ತಿಯಾಗುವ ಅಂಗಡಿಯನ್ನು ನಮ್ಮ ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ನಾನು ಎಲ್ಲಿಯೂ ಕಂಡಿರಲಿಲ್ಲ. ಒಂದು ಡೇರೆ ಇದ್ದದ್ದು ಐದಾಯಿತು. ಸ್ನಾನದ ತೊಟ್ಟಿ ಮೂರಾಯಿತು. ಅಪ್ಪ ಅವನ್ನು ವರ್ಷಕ್ಕೊಮ್ಮೆ ಹಿತ್ತಲಿನಲ್ಲಿ ಬಿಡಿಸಿ, ನೀರು ತುಂಬಿಸಿ, ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಣಗಿಸಿ ಮಡಚಿಡುತ್ತಿದ್ದರು. ಎಸ್ಟೇಟುಗಳನ್ನು ಕೊಂಡ ಹೊಸ ಮಾಲೀಕರು ನಮ್ಮವರೇ, ಒಳ್ಳೆಯ ಜನ, ಆದರೆ ಅವರಿಗೆ ಮನೆಯಿತ್ತು. ಮನೆಯಿರುವವನು ಬಟ್ಟೆಯೊಳಗೆ ಏಕೆ ಮಲಗಬೇಕೆಂದು ಅವರು ಅಪ್ಪನನ್ನು ಕೇಳುತ್ತಿದ್ದರು. ಮೀನು ಬೇಕಾದರೆ ಮಳೆಗಾಲದಲ್ಲಿ ಗದ್ದೆಯ ತೂಬಿಗೆ ಬಿದಿರಿನ ಕೂಳಿ ಇಟ್ಟರಾಯಿತು, ಮೀನು ತಾನೇ ಬಂದು ಕೂರುತ್ತದೆ. ಗಾಳ ಹಿಡಿದು ದಿನವಿಡೀ ಹೊಳೆಯಲ್ಲಿ ನಿಂತು, ಸಿಕ್ಕ ಮೀನಿನ ಫೋಟೋ ತೆಗೆಸಿ, ಮತ್ತೆ ನೀರಿಗೆ ಬಿಡುವ ವಿದ್ಯೆ ನಮ್ಮವರಿಗೆ ಹತ್ತಲಿಲ್ಲ. ಒಬ್ಬರು ಮಾತ್ರ ಸ್ನಾನದ ತೊಟ್ಟಿಯನ್ನು ಬಹಳ ಹೊತ್ತು ಮುಟ್ಟಿ ನೋಡಿ, ಬಿತ್ತನೆಯ ಭತ್ತ ನೆನೆಹಾಕಲು ಆಗಬಹುದೇ ಎಂದು ಕೇಳಿದರು. ಅಪ್ಪ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಚಿ ಒಳಗಿಟ್ಟರು.

ಇಂಥ ಅಂಗಡಿಯ ಮೇಲೆ ನನ್ನ ಸೋದರಮಾವ ಪೂವಯ್ಯನವರ ಕಣ್ಣು ಬಿದ್ದದ್ದರಲ್ಲಿ ತಪ್ಪೇನಿಲ್ಲ. ಬಸ್‌ಸ್ಟ್ಯಾಂಡಿಗೆ ಎದುರಿಗಿರುವ ಕಟ್ಟಡ. ಮಾವನಿಗೆ ಅಲ್ಲೊಂದು ಮಿಲಿಟರಿ ಹೋಟೆಲ್ ಇಡಬೇಕೆಂಬ ಆಸೆ. ವಾರಕ್ಕೆರಡು ಸಲ ಬಂದು, ಜೇಬಿನಿಂದ ಟೇಪು ತೆಗೆದು, ಗೋಡೆಯಿಂದ ಗೋಡೆಗೆ ಅಳೆದು ಹೋಗುತ್ತಿದ್ದರು. ಗೋಡೆ ಬೆಳೆಯುವ ವಸ್ತುವಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ; ಅಳೆಯುವುದರಲ್ಲೇ ಒಂದು ಸುಖ. "ಎಂಥ ಕೂಸೇ, ಡೇರೆ ಒಳಗೆ ಇನ್ನೂ ಜೀವ ಉಟ್ಟಾ?" ಎಂದು, ಜೀವ ಉಂಟೋ ಇಲ್ಲವೋ ಎಂಬಂತೆ, ನನ್ನ ಕುರ್ಚಿಯ ಕಡೆಗೆ ಒಂದು ಮಾತು ಎಸೆಯುತ್ತಿದ್ದರು. ಒಲೆ ಬರಬೇಕಾದದ್ದು ನನ್ನ ಕುರ್ಚಿಯ ಜಾಗದಲ್ಲಿ ಎಂದು ಅವರು ಮೊದಲ ದಿನವೇ ಗುರುತು ಮಾಡಿದ್ದರು. ಕೊನೆಗೆ ಅಪ್ಪ ಸೋತು, ಜುಲೈ ನಡುವಿನಲ್ಲಿ ಕಕ್ಕಡ ತಿಂಗಳು ಹುಟ್ಟುವವರೆಗೆ ನೋಡುವುದು, ಅಷ್ಟರೊಳಗೆ ಅಂಗಡಿಗೆ ಒಂದು ದಾರಿ ಕಾಣದಿದ್ದರೆ ಒಲೆ ಹಾಕುವುದು ಎಂದು ಮಾತು ಕೊಟ್ಟರು. ಮುಂಗಾರಿನ ಮೊದಲ ವಾರ ಅದು. ಕಕ್ಕಡಕ್ಕೆ ಉಳಿದಿದ್ದದ್ದು ಒಂದೂವರೆ ತಿಂಗಳು ಕೂಡ ಇಲ್ಲ.

ದಾರಿ ಕಂಡದ್ದು ಡೇರೆಯ ಕಿಟಕಿಯಿಂದ. ಒಂದು ಸಂತೆಯ ದಿನ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಎಸ್ಟೇಟಿನ ಹೆಣ್ಣಾಳುಗಳು ಸಾಲಾಗಿ ಕುಳಿತು ಕಾಲಿನ ಜಿಗಣೆ ಕೀಳುತ್ತಿದ್ದರು. ಎಲೆಯಡಿಕೆಯ ಸಂಚಿಯಿಂದ ಸುಣ್ಣ, ಹೊಗೆಸೊಪ್ಪು ತೆಗೆದು ಒಂದೊಂದಕ್ಕೆ ಮುಟ್ಟಿಸುವುದು, ಅದು ಉದುರುವುದು, ರಕ್ತ ಇಳಿಯುವುದು, ಮಾತು ಮುಂದುವರಿಯುವುದು. ಮೈಸೂರಿನಿಂದ ಬಂದ ಮೊದಲ ಮಳೆಗೆ ನನ್ನ ಕಾಲಿಗೆ ಒಂದೇ ಒಂದು ಜಿಗಣೆ ಹತ್ತಿದ್ದಕ್ಕೆ ನಾನು ಮಾಡಿದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ. ದೊರೆಗಳು ಜಿಗಣೆಗಾಗಿ ಮೊಣಕಾಲಿನವರೆಗೆ ಒತ್ತು ನೇಯ್ಗೆಯ ಕಾಲ್ಚೀಲ ಹಾಕಿಕೊಳ್ಳುತ್ತಿದ್ದರೆಂದು ನೆನಪಾಯಿತು. ಡೇರೆಯೊಳಗೆ ಕೈಹಾಕಿ ಬಟ್ಟೆಯನ್ನು ಮುಟ್ಟಿ ನೋಡಿದೆ. ಹೊರಪದರ ದಪ್ಪ, ಅಂಗಾಲಿಗೆ ಎರಡು ಮಡಿಕೆ ಹಾಕಿದರೆ ಮುಳ್ಳೂ ಇಳಿಯದು. ಒಳಪದರ ತೆಳು, ಕಾಲಿಗೆ ಸುತ್ತಿ ಮಂಡಿಯ ಕೆಳಗೆ ಲಾಡಿ ಕಟ್ಟಿದರೆ ಜಿಗಣೆಗೆ ದಾರಿಯಿಲ್ಲ. ಐದು ಡೇರೆಗಳಲ್ಲಿ ಎಷ್ಟು ಜೊತೆ ಕಾಲ್ಚೀಲ ಮಲಗಿವೆ ಎಂದು ಲೆಕ್ಕ ಹಾಕುತ್ತ ನಾನು, ಮೈಸೂರು ಬಿಟ್ಟ ಮೇಲೆ ಮೊದಲ ಸಲ, ಎದ್ದು ರಸ್ತೆಗೆ ಬಂದು ನಿಂತೆ.

ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಪ್ಪನಿಗೆ ಪರಿಚಯ. ಕಳೆ ಕೀಳುವ ನಲವತ್ತು ಹೆಣ್ಣಾಳುಗಳು ಅರ್ಧ ದಿನವನ್ನು ಜಿಗಣೆ ಕೀಳುವುದರಲ್ಲೇ ಕಳೆಯುತ್ತಾರೆಂದು ಅವರಿಗೂ ತಲೆನೋವಿತ್ತು. ಹೆಂಗಸರು ಒಪ್ಪಿ ಅಳತೆ ಕೊಟ್ಟರೆ ನಲವತ್ತು ಜೊತೆಯನ್ನೂ ಎಸ್ಟೇಟೇ ಕೊಳ್ಳುವಂತೆ ಮಾಡುತ್ತೇನೆ, ಸೋಮವಾರ ಮಧ್ಯಾಹ್ನ ಮಾಲೀಕರು ಬರುತ್ತಾರೆ, ಅಷ್ಟರೊಳಗೆ ಅಳತೆ ಮುಗಿದಿರಬೇಕು, ಇಲ್ಲದಿದ್ದರೆ ಸುಣ್ಣ ಹೊಗೆಸೊಪ್ಪೇ ಸಾಕು ಎಂದು ಹೇಳಿ ಕಳಿಸಿದರು. ನನ್ನನ್ನು ಮಗಳೆಂದೇ ಕರೆಯುವ ಪಕ್ಕದ ಅಂಗಡಿಯ ದರ್ಜಿ ಮೊಯಿದು ಕಾಕ, "ನೀ ಕಾಲು ತಾ ಮೋಳೇ, ಚೀಲ ನಾ ಕೊಡ್ತೆ" ಎಂದರು. ಡೇರೆ ಕತ್ತರಿಸುವ ಮಾತು ಕೇಳಿ ಅಪ್ಪ ಒಂದು ಇಡೀ ದಿನ ಊಟದಲ್ಲಿ ಉಪ್ಪಿನಕಾಯಿ ಮುಟ್ಟಲಿಲ್ಲ. ಅವರ ದುಃಖದ ಲಕ್ಷಣ ಅದು. ಮರುದಿನ ಮಾತ್ರ, ಕತ್ತರಿಸುವುದಾದರೆ ನಿಯಮದಂತೆ ಕತ್ತರಿಸಬೇಕು, ನಲವತ್ತು ಜೊತೆ ಪಾದಗಳನ್ನು ಪುಸ್ತಕದಲ್ಲಿ ಬರೆದು ತಾ ಎಂದರು. ಪುಸ್ತಕದಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿದ್ದವು.

ಭಾನುವಾರ ಬೆಳಗ್ಗೆ ಆಳುಗಳು ಸಂತೆಗೆ ಹೊರಡುವ ಮೊದಲೇ ನಾನು ಪುಸ್ತಕ, ಮಣೆ, ಎರಡು ಪೆನ್ಸಿಲು ಹಿಡಿದು ಎಸ್ಟೇಟಿನಲ್ಲಿ ಅವರಿರುವ ಲೈನ್ ಮನೆಗಳ ಮುಂದೆ ಹಾಜರಾದೆ. ಗುಂಪಿಗೆ ಹಿರಿಯಳು ಕಾಳಮ್ಮ. ಪಿರಿಯಾಪಟ್ಟಣದ ಕಡೆಯಿಂದ ಬಂದು ಇಪ್ಪತ್ತು ವರ್ಷ ಇಲ್ಲೇ ಉಳಿದವಳು. ಆಕೆ ಜಗುಲಿಯ ಮೇಲೆ ಕುಳಿತಿದ್ದಳು. ಮುಖ ನೋಡಿ ಪೀಠಿಕೆ ಹಾಕುವುದು ನನ್ನಿಂದ ಆಗದ ಕೆಲಸವಾದ್ದರಿಂದ ಕೆಲಸವನ್ನೇ ಮೊದಲು ಶುರುಮಾಡಿದರಾಯಿತು ಎಂದುಕೊಂಡು ನೇರವಾಗಿ ಹೋಗಿ ಆಕೆಯ ಪಾದಗಳ ಹತ್ತಿರ ಬಗ್ಗಿದೆ. ಪೆನ್ಸಿಲು ಇನ್ನೂ ಮುಟ್ಟಿರಲಿಲ್ಲ, ತಲೆಯ ಮೇಲೆ ಒಂದು ಕೈ ಬಿತ್ತು. "ಒಳ್ಳೇ ಗಂಡ ಸಿಕ್ಲಿ ತಾಯಿ. ಏಳಿ, ಏಳಿ ಮ್ಯಾಕೆ."

ನಮ್ಮಲ್ಲಿ ಹಿರಿಯರ ಕಾಲು ಹಿಡಿದು ನಮಸ್ಕರಿಸುವುದು ದಿನನಿತ್ಯದ ಮಾತು. ಒಬ್ಬ ಹಿರಿಯರ ಕಾಲು ಹಿಡಿದು ಪಕ್ಕದ ಹಿರಿಯರನ್ನು ಬಿಟ್ಟರೆ ಅದು ಹಿಡಿಯದೇ ಇದ್ದದ್ದಕ್ಕಿಂತ ದೊಡ್ಡ ತಪ್ಪು. ಪಕ್ಕದ ಮುದುಕಿ ಆಗಲೇ ಸೆರಗು ಸರಿಪಡಿಸಿಕೊಂಡು, ಕಾಲು ಮುಂದಕ್ಕೆ ನೀಡಿ, ಮುಖವನ್ನು ಗಂಭೀರ ಮಾಡಿಕೊಂಡಿದ್ದಳು. ನಾನು ಬೂಟಿನ ಅಂಗಡಿಯವಳು, ಅಳತೆಗೆ ಬಂದೆ ಎಂದು ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಹಿರಿಯರೆಂದು ಕಂಡ ಹದಿನೇಳು ಹೆಂಗಸರಿಗೆ ಬಗ್ಗಿದೆ. ಹದಿನೇಳು ಸಲವೂ ಗಂಡ ಸಿಗಲಿ ಎಂಬ ಹಾರೈಕೆ ಬಂತು. ಒಬ್ಬಳು ಮೀಸೆಯಿರುವವನು ಎಂದು ಸೇರಿಸಿದಳು. ಅವರೆಲ್ಲ ಹಾರೈಸಿದ್ದು ಒಬ್ಬನೇ ಗಂಡನನ್ನು ಎಂದು ನಾನು ನಂಬಿದ್ದೇನೆ. ಕೊನೆಯಲ್ಲಿ ಒಬ್ಬ ಕಿರಿಯ ಹೆಂಗಸು, "ಕಾಲು ಹಿಡಿಯೋಕೆ ಬಂದೋರು ಪೆನ್ಸಿಲ್ ಯಾಕ್ ಹಿಡ್ಕಂಡವ್ರೆ?" ಎಂದು ಕೇಳಿದ್ದರಿಂದ ನನಗೆ ಬಾಯಿ ಬಂತು. ಜಿಗಣೆ, ಡೇರೆ, ಕಾಲ್ಚೀಲ ಎಲ್ಲವನ್ನೂ ಹೇಳಿದೆ. ಎಲ್ಲರಿಗೂ ಹಿಡಿಸಿತು. ಲಾಡಿ ಯಾವ ಬಣ್ಣದ್ದೆಂದು ಕೂಡ ಕೇಳಿದರು. ಗೆದ್ದೆ ಎಂದುಕೊಂಡು ಮಣೆ ಹಾಕಿ, ಪುಸ್ತಕ ಬಿಡಿಸಿ, ಕಾಲಿಡಲು ಹೇಳಿದೆ.

ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಪುಸ್ತಕದ ಮೇಲೆ ಕಾಲಿಡುವುದುಂಟೇ ಎಂದು ಕಾಳಮ್ಮ ಮೆಲ್ಲಗೆ ಕೇಳಿದಳು. ಕೇಳುವಾಗ ಆಕೆಗೆ ನನ್ನ ಬಗ್ಗೆ ಮರುಕವಾಗಿದ್ದಂತೆ ಕಂಡಿತು. ಇದು ಸರಸ್ವತಿಯಲ್ಲ, ಬರಿಯ ಅಳತೆಯ ಕಾಗದ ಎಂದು ನಾನು ವಾದಿಸಿದೆ. ಹಿಂದಿನ ಪುಟಗಳ ದೊರೆಪಾದಗಳನ್ನು ತೋರಿಸಿದೆ. ಅವರಿಗೇನು, ಅವರು ಬೂಟು ಹಾಕಿಕೊಂಡು ಅಡುಗೆಮನೆಗೇ ಹೋಗುವವರು ಎಂದು ಹಿಂದಿನಿಂದ ಯಾರೋ ಹೇಳಿದರು. ಹಾಳೆಯಲ್ಲಿ ಒಂದು ಅಕ್ಷರವೂ ಇಲ್ಲ, ನೋಡಿ ಎಂದು ಕಾಳಮ್ಮನ ಮುಂದೆ ಹಿಡಿದೆ. ಆಕೆ ಓದು ಬಾರದವಳು. ಆದರೂ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇವತ್ತು ಇಲ್ಲ ತಾಯಿ. ನಾಳೀಕೆ ನೀವು ಇದ್ರಾಗೆ ನನ್ನೆಸ್ರು ಬರೀತೀರಲ್ಲ? ಆಗ ನಾನು ನನ್ನೆಸ್ರ ಮ್ಯಾಲೇ ನಿಂತಂಗಾಯ್ತದೆ."

ಮೂರು ವರ್ಷ ತರ್ಕಶಾಸ್ತ್ರ ಓದಿದವಳು ನಾನು. ಇದೆಲ್ಲ ಮನಸ್ಸಿನ ಭ್ರಮೆ ಎಂದೆ. ಹಾಗಾದರೆ ನೀವೇ ಮೊದಲು ಇಡಿ, ನಿಮ್ಮ ಹಿಂದೆ ನಾವು ಇಡುತ್ತೇವೆ ಎಂದಳು ಕಾಳಮ್ಮ. ನ್ಯಾಯವಾದ ಮಾತು. ನಾನು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಹಿಡಿದು, ಬಲಗಾಲೆತ್ತಿದೆ. ಕಾಲು ಹಾಳೆಗೆ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಮನಸ್ಸು ಇಳಿ ಎನ್ನುತ್ತದೆ, ಕಾಲು ಇಳಿಯುವುದಿಲ್ಲ. ಪದವಿ ತೆಗೆದುಕೊಂಡದ್ದು ನಾನು. ಕಾಲು ಪರೀಕ್ಷೆಗೆ ಕುಳಿತಿರಲೇ ಇಲ್ಲ. ಒಂಟಿಕಾಲಿನ ಕೊಕ್ಕರೆಯಂತೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ಕಾಳಮ್ಮ ನನ್ನ ತೋಳು ಹಿಡಿದು ಕಾಲನ್ನು ನೆಲಕ್ಕೆ ಇಳಿಸಿದಳು. ಒಂದು ಲೋಟ ಕರಿಕಾಫಿ ಕೊಟ್ಟಳು. ನಲವತ್ತು ಜೊತೆ ಪಾದಗಳಲ್ಲಿ ಒಂದನ್ನೂ ಬರೆಯದೆ ನಾನು ಅವರ ಜೊತೆಯಲ್ಲೇ ಸಂತೆಯ ಬಸ್ಸು ಹತ್ತಿ ಊರಿಗೆ ಬಂದೆ.

ಅಂಗಡಿಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಯಬಹುದು, ಇಲ್ಲವೇ ನಗಬಹುದು ಎಂದುಕೊಂಡಿದ್ದೆ. ಅವರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲ ಪುಟ ತೆರೆದರು. ಮೊದಲ ದೊರೆ ಕಾಲಿಟ್ಟ ದಿನ ತಾವೆಳೆದ ಗೆರೆ ಎರಡು ಕಡೆ ತಪ್ಪಿದೆ, ನೋಡು ಎಂದು ತೋರಿಸಿದರು. ಹೌದು, ಹಿಮ್ಮಡಿಯ ಹತ್ತಿರ ಗೆರೆ ಅಲುಗಿತ್ತು. ಪ್ರತಿ ಸಂಜೆ ಅಂಗಡಿ ಮುಚ್ಚುವಾಗ ಅಪ್ಪ ಆ ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ವ್ಯಾಪಾರ ಚೆನ್ನಾಗಿ ಆಗಲಿ ಎಂದು ಬೇಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಬೇಡಿಕೊಂಡದ್ದಲ್ಲ ಕೂಸೇ," ಎಂದರು ಅಪ್ಪ. "ತಪ್ಪಾಯ್ತು ಹೇಳ್ತಿದ್ದೆ." ದೊರೆಗಳು ಮೆಟ್ಟಿದ ತಪ್ಪಿಗೆ ಮೂವತ್ತು ವರ್ಷ, ದಿನವೂ, ಅಪ್ಪ ಕ್ಷಮೆ ಕೇಳುತ್ತಿದ್ದರು. ತಾವು ಮಾತ್ರ ಆ ಪುಸ್ತಕದ ಮೇಲೆ ಎಂದೂ ಕಾಲಿಟ್ಟವರಲ್ಲ. ತಮ್ಮಿಂದ ಆಗದ್ದನ್ನು ಮಗಳಿಂದ ಮಾಡಿಸಲು ಹೊರಟಿದ್ದರು. ಓದಿದವಳಲ್ಲವೇ, ಇವಳಿಗೆ ಆದೀತು ಎಂದುಕೊಂಡಿದ್ದಿರಬೇಕು.

ಅಷ್ಟರಲ್ಲಿ ಪೂವಯ್ಯ ಮಾವ ಬಂದರು. ಸಂತೆಯ ಕೆಸರನ್ನೆಲ್ಲ ಬರಿಗಾಲಿನಲ್ಲಿ ತುಳಿದುಕೊಂಡು, ಒಂದು ಕೈಯಲ್ಲಿ ಕೋಳಿ, ಒಂದು ಕೈಯಲ್ಲಿ ಟೇಪು. ಕೋಳಿಯನ್ನು ಮಡಚುವ ಮಂಚದ ಕಾಲಿಗೆ ಕಟ್ಟಿ, ನನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಒಲೆಯ ಜಾಗವನ್ನು ಅಳೆಯತೊಡಗಿದರು. ಕತ್ತರಿಸಲೆಂದು ನಾನು ಬೆಳಗ್ಗೆ ಎಸ್ಟೇಟಿಗೆ ಹೊರಡುವ ಮೊದಲೇ ಬಿಚ್ಚಿ ಹಾಸಿದ್ದ ಡೇರೆಯ ನೆಲಹಾಸು ಅಡ್ಡವಿತ್ತು. ಅದನ್ನು ದಾಟುವ ಗೋಜಿಗೆ ಹೋಗದೆ ಮಾವ ಅದರ ಮೇಲೆಯೇ ಆ ಗೋಡೆಯಿಂದ ಈ ಗೋಡೆಗೆ ನಡೆದರು. ಅಪ್ಪ ಅಯ್ಯೋ ಎಂದು ಎದ್ದು ನಿಂತರು. ನಾನೂ ಎದ್ದು ನಿಂತೆ. ಆದರೆ ಬೇರೆ ಕಾರಣಕ್ಕೆ. ಮಾವನ ಬಲಗಾಲು ಬಟ್ಟೆಯ ಮೇಲೆ ಹಿಮ್ಮಡಿಯಿಂದ ಕಿರುಬೆರಳಿನವರೆಗೆ ಅಚ್ಚು ಹೊಡೆದಂತೆ ಮೂಡಿತ್ತು. ಐದು ಬೆರಳು, ಹೆಬ್ಬೆರಳಿನ ಪಕ್ಕದ ಉಬ್ಬು, ಅಂಗಾಲಿನ ಆಣಿಯ ಜಾಗದಲ್ಲಿ ಒಂದು ಬಿಳಿ ಚುಕ್ಕೆ. ನೋವು ಕೂಡ ಬಿದ್ದಿತ್ತು. ಬಟ್ಟೆಗೆ ಸರಸ್ವತಿಯ ಕಾಟವಿಲ್ಲ; ಅದು ಹುಟ್ಟಿದ್ದೇ ತುಳಿಸಿಕೊಳ್ಳುವುದಕ್ಕೆ.

ನಾನು ಅಪ್ಪನನ್ನು ನೋಡಿದೆ. ಅಪ್ಪ ಆ ಪಾದವನ್ನು ನೋಡಿದರು. ಪುಸ್ತಕದಲ್ಲಿ ಬರೆಯದೆ ಕತ್ತರಿ ಮುಟ್ಟಿಸಬಾರದೆಂಬ ನಿಯಮ ಅವರ ಮುಖದಲ್ಲಿ ಸ್ವಲ್ಪ ಹೊತ್ತು ಒದ್ದಾಡಿತು. ಆಮೇಲೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು, ಮುಚ್ಚಿ, ಮೇಲಿನ ಹಲಗೆಗೆ ಇಟ್ಟರು.

"ಕತ್ರಿ ಎರಡನೇ ಖಾನೆಲಿ ಉಟ್ಟು," ಎಂದರು.

ನಾವಿಬ್ಬರೂ ಎದ್ದು ನಿಂತದ್ದು ಕಂಡು, ಅಳತೆ ಸಾಕೋ ಎಂದು ಮಾವ ಟೇಪು ಸುತ್ತುತ್ತ ಕೇಳಿದರು. ಸಾಕು ಮಾವ, ಇವತ್ತಿನದು ಬಹಳ ಚೆನ್ನಾಗಿ ಬಂದಿದೆ ಎಂದೆ. ನಾನು ಅವರೊಂದಿಗೆ ಅಷ್ಟು ಮಾತನಾಡಿದ್ದು ಅದೇ ಮೊದಲು. ಅವರಿಗೆ ಅನುಮಾನ ಬಂದು, ಒಲೆಯ ಜಾಗವನ್ನು ಇನ್ನೊಮ್ಮೆ ಅಳೆದರು.

ಮರುದಿನ ಬೆಳಗ್ಗೆ ಬೇಗ ಅಂಗಡಿ ತೆರೆದು, ಮಾವನ ಪಾದವಿದ್ದ ಭಾಗವನ್ನು ಅಚ್ಚಿನ ಅಂಚಿನ ಗುಂಟ ಕತ್ತರಿಸಿ ಮಾದರಿಗೆಂದು ಮೊಯಿದು ಕಾಕನ ಬಾಗಿಲ ಸಂದಿಯಲ್ಲಿ ತೂರಿಸಿದೆ. ಉಳಿದ ನೆಲಹಾಸನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಸೀಮೆಸುಣ್ಣದ ತುಂಡುಗಳನ್ನು ಹಿಡಿದು ಮೊದಲ ಬಸ್ಸು ಹತ್ತಿದೆ. ಎಸ್ಟೇಟಿನಲ್ಲಿ ರೈಟರು ಹಾಜರಿಗೆ ಮಸ್ಟರಿನ ಹೆಸರು ಕೂಗಿ ಮುಗಿಸುವಷ್ಟರಲ್ಲಿ ಬಟ್ಟೆಯನ್ನು ಶೆಡ್ಡಿನ ನೆಲದ ಮೇಲೆ ಹಾಸಿ, ಯಾರೂ ಕೇಳುವ ಮೊದಲೇ ಚಪ್ಪಲಿ ಬಿಟ್ಟು, ನನ್ನ ಬಲಗಾಲನ್ನು ಅದರ ಮೇಲೆ ಊರಿದೆ. ಈ ಸಲ ಅದು ಹೇಳಿದ ಮಾತು ಕೇಳಿತು. ನಲವತ್ತು ಮುಖಗಳು ನನ್ನನ್ನು ನೋಡುತ್ತಿದ್ದವು. ಬಾಗಿ ಗೆರೆ ಎಳೆಯಲು ಹೋದರೆ ನೆರಿಗೆ ಅಡ್ಡ ಬರುತ್ತಿತ್ತು. ಕಾಳಮ್ಮ ಮುಂದೆ ಬಂದು ಸೀಮೆಸುಣ್ಣವನ್ನು ನನ್ನ ಕೈಯಿಂದ ಕಿತ್ತುಕೊಂಡು ಕುಕ್ಕರುಗಾಲಿನಲ್ಲಿ ಕುಳಿತಳು. ಅಷ್ಟು ಹಿರಿಯಳು ನನ್ನ ಪಾದದ ಹತ್ತಿರ ತಲೆ ಬಗ್ಗಿಸಿದ್ದು ಕಂಡು ನನಗೆ ದಿಕ್ಕು ತೋಚದೆ ಹೋಯಿತು. ಹಿಂದಿನ ದಿನ ಹದಿನೇಳು ಸಲ ಕೇಳಿದ ಮಾತು ತಾನಾಗಿಯೇ ಬಾಯಿಂದ ಹೊರಟಿತು.

"ಒಳ್ಳೆ ಗಂಡ ಸಿಗಲಿ," ಎಂದೆ.

"ಇರೋ ಒಬ್ನೇ ಸಾಕು ತಾಯಿ," ಎಂದಳು ಕಾಳಮ್ಮ, ತಲೆ ಎತ್ತದೆ. "ಕಾಲು ಅಲ್ಲಾಡಿಸ್ಬ್ಯಾಡಿ."

ನಾನು ಅಲ್ಲಾಡಿಸಲಿಲ್ಲ.